ಸುಸ್ತಾದಾಗ ಮಾತ್ರ ಮಾತ್ರೆ

ಅಪ್ಪ ಆಡಿದ ಒಂದು ಮಾತು ಮಗಳ ಪಿಎಚ್.ಡಿ. ಪ್ರಶ್ನೆಯಾಯಿತು. ಪ್ರಶ್ನೆಯೇನೋ ಪುಕ್ಕಟೆ ಸಿಕ್ಕಿತು, ಉತ್ತರ ಹುಡುಕಲು ಮಾತ್ರ ದುಡ್ಡು ಬೇಕು. ಆರೋಗ್ಯ ಮನೋವಿಜ್ಞಾನದ ವಿದ್ಯಾರ್ಥಿಗಳಿಗೆ ಆ ದುಡ್ಡು ಎಲ್ಲಿದೆ, ಕೇಳುವುದು ಹೇಗೆ? ವಿದ್ಯಾನಗರದ ಝೆರಾಕ್ಸ್ ಅಂಗಡಿಯಿಂದ ಹೊರಟ ಒಂದು ಅರ್ಜಿಯ ಬೆನ್ನು ಹತ್ತಿ...

ರಾತ್ರಿ ಎಂಟೂವರೆ. ದಾವಣಗೆರೆ ವಿದ್ಯಾನಗರದ ಒಂದು ಝೆರಾಕ್ಸ್ ಅಂಗಡಿ. ಹೊರಗಿನಿಂದ ಬೆಣ್ಣೆ ದೋಸೆಯ ಘಮ, ಒಳಗೆ ಕಾದ ಯಂತ್ರದ ವಾಸನೆ. ಆಧಾರ್ ಪ್ರತಿ ತೆಗೆಸಲು ಹೋದ ನಾನು ಸಾಲಿನಲ್ಲಿ ಮೂರನೆಯವನು. ಎದುರಿಗೆ ಬ್ಯಾಗ್ ಎದೆಗವಚಿಕೊಂಡು ನಿಂತ ಹುಡುಗಿ. ಫೆಲೋಶಿಪ್ ಅರ್ಜಿಗೆ ಮಾರನೇ ದಿನವೇ ಕೊನೆ.

ಅಂಗಡಿಯವರು ಪರದೆ ಮೇಲಿನ ಶೀರ್ಷಿಕೆಯನ್ನು ಜೋರಾಗಿ ಓದತೊಡಗಿದರು. ‘ಎ ಸ್ಟಡಿ ಆಫ್ ಸೈಕೋಸೋಷಿಯಲ್ ಕೋರಿಲೇಟ್ಸ್ ಆಫ್...’ ಅರ್ಧದಲ್ಲೇ ಉಸಿರು ಕಟ್ಟಿತು.

‘ಏನವ್ವಾ ಇದು, ಬರೇ ಹೆಸರೇ ಮೂರು ಸಾಲು ಐತಲ್ಲ! ಒಳಗೇನೈತಿ?’

ಹುಡುಗಿ ನಕ್ಕಳು. ‘ನಮ್ಮಪ್ಪ ಮಂಡಕ್ಕಿ ಭಟ್ಟೀಲಿ ಕೆಲಸ ಮಾಡ್ತಾರಣ್ಣ. ಶುಗರ್ ಐತಿ. ಡಾಕ್ಟ್ರು ದಿನಾ ಮಾತ್ರೆ ತಗೋರಿ ಅಂತಾರೆ. ಅಪ್ಪ ಮಾತ್ರ, ಸುಸ್ತಾದಾಗ ತಗೋತೀನಿ, ಇಲ್ಲಾಂದ್ರೆ ಯಾಕೆ ಅಂತಾರೆ. ಅವರಷ್ಟೇ ಅಲ್ಲ, ಭಟ್ಟೀಲಿ ಸುಮಾರು ಮಂದಿ ಹಂಗೇ. ಯಾಕೆ ಹಂಗೆ ಅಂತ ತಿಳ್ಕೋಬೇಕು.’

‘ಮತ್ತೆ ಅದನ್ನೇ ಬರಿಯವ್ವಾ!’

ಸಾಲಿನಲ್ಲಿದ್ದವರೆಲ್ಲ ನಕ್ಕೆವು. ನಗು ನಿಂತ ಮೇಲೆ ನನಗನ್ನಿಸಿತು: ಫೆಲೋಶಿಪ್ ಅರ್ಜಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ಯಾವ ಕಾರ್ಯಾಗಾರದಲ್ಲೂ ಸಿಗಲಿಕ್ಕಿಲ್ಲ.

ಹಲ್ಲಿನ ಡಾಕ್ಟರ ಅಂಗುಳಿನ ಗಾಯ

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಆ ಹೊತ್ತಿಗೆ ಭಾಷಣಗಳಲ್ಲಿ ಖಿನ್ನತೆ, ಆತಂಕ, ಒತ್ತಡದ ಮಾತು ತಪ್ಪದೆ ಬರುತ್ತದೆ. ಆದರೆ ಆ ಹುಡುಗಿಯ ಅಪ್ಪನಿಗೆ ಮನಸ್ಸಿನ ಕಾಯಿಲೆಯೇನೂ ಇಲ್ಲ. ಕಾಯಿಲೆ ರಕ್ತದಲ್ಲಿದೆ, ಮಾತ್ರೆ ನುಂಗಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮನಸ್ಸು. ಈ ಎರಡರ ನಡುವಿನ ದಾರಿಯೇ ಆರೋಗ್ಯ ಮನೋವಿಜ್ಞಾನ.

1977ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ವಾದ ಮಂಡಿಸಿದರು: ಕಾಯಿಲೆಯನ್ನು ದೇಹದೊಳಗೆ ಮಾತ್ರ ಹುಡುಕಿದರೆ ಸಾಲದು, ರೋಗಿಯ ಮನಸ್ಸನ್ನೂ ಅವನ ಸಮಾಜವನ್ನೂ ಜೊತೆಗಿಟ್ಟು ನೋಡಬೇಕು. ಮರುವರ್ಷವೇ ಅಮೆರಿಕದ ಮನೋವಿಜ್ಞಾನಿಗಳ ಸಂಘ ಆರೋಗ್ಯ ಮನೋವಿಜ್ಞಾನಕ್ಕೆಂದು ತನ್ನ 38ನೇ ವಿಭಾಗವನ್ನು ತೆರೆಯಿತು.

ಈ ಶಾಸ್ತ್ರದಲ್ಲಿ ದೊಡ್ಡ ಪ್ರಶ್ನೆಗೆ ಯಾವಾಗಲೂ ದೊಡ್ಡ ದುಡ್ಡು ಬೇಕೆಂದಿಲ್ಲ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಅಮೆರಿಕದ ಓಹಿಯೋದಲ್ಲಿ 11 ಮಂದಿ ದಂತವೈದ್ಯ ವಿದ್ಯಾರ್ಥಿಗಳ ಅಂಗುಳಿನಲ್ಲಿ ಪುಟ್ಟ ಗಾಯ ಮಾಡಿದರು. ಒಮ್ಮೆ ರಜೆಯಲ್ಲಿ, ಇನ್ನೊಮ್ಮೆ ಪರೀಕ್ಷೆ ಹತ್ತಿರವಿದ್ದಾಗ. ಪರೀಕ್ಷೆಯ ಹೊತ್ತಿನ ಗಾಯ ಮಾಯಲು ಸರಾಸರಿ ಶೇ 40ರಷ್ಟು ಹೆಚ್ಚು ಕಾಲ ಹಿಡಿಯಿತು. ಹನ್ನೊಂದೇ ಜನ, ಒಂದೇ ಪ್ರಶ್ನೆ. ಇಂದಿಗೂ ಪಠ್ಯಗಳಲ್ಲಿ ಅದರ ಹೆಸರಿದೆ. ದಾವಣಗೆರೆಯಲ್ಲಿ ಎರಡು ದಂತವೈದ್ಯ ಕಾಲೇಜುಗಳಿವೆ. ಪರೀಕ್ಷೆಗಂತೂ ಬರವೇ ಇಲ್ಲ.

ಇನ್ನು ‘ಸುಸ್ತಾದಾಗ ಮಾತ್ರ ಮಾತ್ರೆ’ ಎಂಬ ಅಪ್ಪನ ತರ್ಕ? ಅದಕ್ಕೂ ಹಳೆಯ ಜೋಡಿಯೊಂದು ಇದೆ. ಹೋವರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು 1985ರಲ್ಲಿ ರಕ್ತದೊತ್ತಡದ ರೋಗಿಗಳನ್ನು ಮಾತಾಡಿಸಿದ್ದರು. ಬಿಪಿ ಏರಿದ್ದು ಯಾರಿಗೂ ತಾನಾಗಿ ಗೊತ್ತಾಗದು ಎಂದು ಬಹುತೇಕರು ಒಪ್ಪಿಕೊಂಡರು. ಅದೇ ಉಸಿರಿನಲ್ಲಿ, ‘ನನಗೆ ಮಾತ್ರ ಗೊತ್ತಾಗುತ್ತದೆ’ ಎಂದರು! ತಲೆನೋವೋ ಮುಖ ಬಿಸಿಯಾಗುವುದೋ ಅವರ ಪಾಲಿನ ಮಾಪಕ. ರೋಗಿ ದಡ್ಡನಲ್ಲ, ಅವನಿಗೆ ಅವನದೇ ಸಿದ್ಧಾಂತವಿದೆ, ಔಷಧಿ ನಡೆಯುವುದು ಆ ಸಿದ್ಧಾಂತದ ಪ್ರಕಾರ ಎಂದು ಈ ತಂಡ ತೋರಿಸಿತು.

ಅಮೆರಿಕದ ಆ ರೋಗಿಗೂ ದಾವಣಗೆರೆ ಭಟ್ಟಿಯ ಕಾರ್ಮಿಕನಿಗೂ ಒಂದೇ ತರ್ಕವೇ? ಭಟ್ಟಿಯ ಉರಿಯೆದುರು ದಿನವಿಡೀ ನಿಲ್ಲುವವನಿಗೆ ಸುಸ್ತು ಶುಗರಿನದೋ ಕೆಲಸದ್ದೋ ತಿಳಿಯುವುದು ಹೇಗೆ? ಹೊಸ ಪ್ರಶ್ನೆ ಇರುವುದು ಇಲ್ಲಿ. ಐಸಿಎಂಆರ್ ಬೆಂಬಲದ ಸಮೀಕ್ಷೆ 2023ರಲ್ಲಿ ಹೇಳಿದಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಮಾತ್ರೆ ತಲುಪಿಸುವ ಲೆಕ್ಕ ಸರ್ಕಾರದ ಬಳಿ ಇರುತ್ತದೆ. ನುಂಗುವ ಲೆಕ್ಕವನ್ನು ಯಾರಾದರೂ ಮನೆಮನೆಗೆ ಹೋಗಿ ಕೇಳಿಯೇ ತರಬೇಕು.

> ಮೈಸೂರಿನ ಮನಸ್ಸು
> • ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದದ್ದು 1924ರಲ್ಲಿ. ದೇಶದಲ್ಲಿ ಅದಕ್ಕಿಂತ ಹಳೆಯದು 1916ರ ಕಲ್ಕತ್ತಾ ವಿಭಾಗ.
> • ಮೈಸೂರು ವಿಭಾಗವನ್ನು ಕಟ್ಟಿದ ಡಾ. ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಆರಂಭಿಸಿದವರು.
> • ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ರೂಪುಗೊಂಡಿತು.
> • ದಾವಣಗೆರೆಗೆ ಸ್ನಾತಕೋತ್ತರ ಕೇಂದ್ರ ಬಂದದ್ದು 1979ರಲ್ಲಿ, ಮೈಸೂರು ವಿ.ವಿ.ಯ ಕೂಸಾಗಿ. ಅದೇ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು.

ದುಡ್ಡಿನ ಬಾಗಿಲುಗಳು

ಹಾಗಾದರೆ ದುಡ್ಡು ಎಲ್ಲಿದೆ? ದೊಡ್ಡ ಬಾಗಿಲು ಯುಜಿಸಿಯ ಜೂನಿಯರ್ ರಿಸರ್ಚ್ ಫೆಲೋಶಿಪ್, ಅಂದರೆ ಜೆಆರ್‌ಎಫ್. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ ₹37,000, ಆಮೇಲಿನ ಮೂರು ವರ್ಷ ₹42,000. ಕೂಡಿಸಿ ನೋಡಿ: ಮನೆ ಬಾಡಿಗೆ ಭತ್ಯೆ ಬಿಟ್ಟು ಐದು ವರ್ಷಕ್ಕೆ ಸರಿಯಾಗಿ ₹24 ಲಕ್ಷ.

ಈ ಬಾಗಿಲಿನ ಕೀಲಿ ನೆಟ್ ಪರೀಕ್ಷೆ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸುತ್ತುಗಳು. ಮನೋವಿಜ್ಞಾನದ ಸಂಕೇತ ಸಂಖ್ಯೆ 04. ಮೂರು ಗಂಟೆಯಲ್ಲಿ 150 ಪ್ರಶ್ನೆ, 300 ಅಂಕ, ತಪ್ಪಿಗೆ ಅಂಕ ಕಡಿತವಿಲ್ಲ. ಪಠ್ಯಕ್ರಮದ ಕೊನೆಯ ಘಟಕದಲ್ಲಿ ಮಧುಮೇಹ, ಅಧಿಕ ರಕ್ತದೊತ್ತಡ, ಹೃದ್ರೋಗಗಳ ಮನೋವಿಜ್ಞಾನ ನೇರವಾಗಿಯೇ ಇದೆ. ಮಂಡಕ್ಕಿ ಭಟ್ಟಿಯ ಶುಗರ್ ದಿಲ್ಲಿಯ ಪಠ್ಯಕ್ರಮದಲ್ಲಿ ಆಗಲೇ ಕೂತಿದೆ ಎಂದಾಯಿತು.

ತೊಡಕು ಬೇರೆ ಕಡೆ ಇದೆ. ಈ ವಿಷಯದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಪದವಿಯವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಅಪ್ಪನ ಸುಸ್ತನ್ನು ಮೊದಲು ಇಂಗ್ಲಿಷಿಗೆ ಸಾಗಿಸಬೇಕು, ಆಮೇಲೆ ಉತ್ತರ ಗುರುತಿಸಬೇಕು. ಜೆಆರ್‌ಎಫ್‌ಗೆ ವಯಸ್ಸು 30 ದಾಟಿರಬಾರದು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಐದು ವರ್ಷ ರಿಯಾಯಿತಿ ಇದೆ.

ಪರೀಕ್ಷೆಯನ್ನೂ ಪೂರ್ತಿ ನಂಬಲಾಗದ ಕಾಲವಿದು. 2024ರ ಜೂನ್ 18ರಂದು ನಡೆದ ನೆಟ್ ಮರುದಿನವೇ ರದ್ದಾಯಿತು. ಓದಿದ್ದನ್ನೆಲ್ಲ ಗಂಟು ಕಟ್ಟಿಟ್ಟು ಅಭ್ಯರ್ಥಿಗಳು ಆಗಸ್ಟ್ ಕೊನೆಯವರೆಗೆ ಕಾದರು.

ಎರಡನೇ ಬಾಗಿಲು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತಿನದು, 1969ರಲ್ಲಿ ಹುಟ್ಟಿದ ಸಂಸ್ಥೆ. ಅದರ ಡಾಕ್ಟರಲ್ ಫೆಲೋಶಿಪ್ ಎರಡು ವರ್ಷ, ತಿಂಗಳಿಗೆ ₹20,000. ಒಟ್ಟು ₹4.8 ಲಕ್ಷ, ಅಂದರೆ ಜೆಆರ್‌ಎಫ್‌ನ ಐದನೇ ಒಂದು ಪಾಲು. ಆದರೆ ಇಲ್ಲಿ ತೂಗುವುದು ನಿಮ್ಮ ಪ್ರಸ್ತಾವವನ್ನು. ಪಟ್ಟಿಯಿಂದ ಸರಿ ಉತ್ತರ ಆರಿಸುವುದಲ್ಲ, ನಿಮ್ಮದೇ ಪ್ರಶ್ನೆಯನ್ನು ನೆಟ್ಟಗೆ ಕೇಳುವುದೇ ಇಲ್ಲಿಯ ಪರೀಕ್ಷೆ.

ಮೂರನೆಯದು ವೈದ್ಯಕೀಯ ಸಂಶೋಧನೆಯ ಮನೆ, ಐಸಿಎಂಆರ್. ಅದು ಡಾಕ್ಟರುಗಳಿಗೆ ಮಾತ್ರ ಎಂದುಕೊಂಡು ದೂರ ಉಳಿಯುವವರೇ ಹೆಚ್ಚು. ವರ್ಷಗಟ್ಟಲೆ ಅದು ನಡೆಸಿದ ಜೆಆರ್‌ಎಫ್ ಪರೀಕ್ಷೆಯ 150 ಫೆಲೋಶಿಪ್‌ಗಳಲ್ಲಿ 30 ಸಮಾಜ ವಿಜ್ಞಾನಗಳಿಗೆ ಮೀಸಲಿದ್ದವು, ಅವುಗಳ ಪಟ್ಟಿಯಲ್ಲಿ ಮನೋವಿಜ್ಞಾನವೂ ಇತ್ತು. ಇಂಥ ಯೋಜನೆಗಳ ನಿಯಮ ಆಗಾಗ ಬದಲಾಗುತ್ತದೆ. ಹಾಗಾಗಿ ಸೀನಿಯರ್‌ ಹೇಳಿದ್ದಕ್ಕಿಂತ ಆ ವರ್ಷದ ಅಧಿಸೂಚನೆಯನ್ನು ನಂಬುವುದು ಕ್ಷೇಮ.

ಸಾಮಾಜಿಕ ನ್ಯಾಯದ ಬಾಗಿಲುಗಳು ಬೇರೆ ಇವೆ. ಪರಿಶಿಷ್ಟ ಜಾತಿಯವರಿಗೆ ವರ್ಷಕ್ಕೆ 2,000, ಪರಿಶಿಷ್ಟ ಪಂಗಡದವರಿಗೆ 750, ಹಿಂದುಳಿದ ವರ್ಗದವರಿಗೆ 1,000 ರಾಷ್ಟ್ರೀಯ ಫೆಲೋಶಿಪ್‌ಗಳ ಯೋಜನೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ನಿಂತಿತೆಂದು 2022ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲೇ ಪ್ರಕಟವಾಯಿತು. ಮನೆಗೆ ಒಬ್ಬಳೇ ಮಗಳಾಗಿದ್ದರೆ ಸಾವಿತ್ರಿಬಾಯಿ ಫುಲೆ ಹೆಸರಿನ ಯುಜಿಸಿ ಫೆಲೋಶಿಪ್ ಇದೆ.

> ಗೊತ್ತಿದ್ದರೆ ಒಳ್ಳೆಯದು
> • 2024ರ ಜೂನ್‌ನಿಂದ ನೆಟ್ ಅಂಕವೇ ಪಿಎಚ್.ಡಿ. ಪ್ರವೇಶಕ್ಕೂ ಬಳಕೆ: ಬರೀ ಪಿಎಚ್.ಡಿ.ಗೆ ಅರ್ಹರಾದವರಿಗೆ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಆ ಅರ್ಹತೆ ಒಂದು ವರ್ಷಕ್ಕೆ ಮಾತ್ರ.
> • 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೆರಡು ವರ್ಷ ಹೆಚ್ಚು, ಜೊತೆಗೆ 240 ದಿನಗಳವರೆಗೆ ಹೆರಿಗೆ ರಜೆ.
> • 2025ರ ಜುಲೈ ಸುತ್ತಿನಿಂದ ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಮನೋವಿಜ್ಞಾನದ ಕೋರ್ಸುಗಳಿಗೆ ಪ್ರವೇಶ ಕೊಡಬಾರದೆಂದು ಯುಜಿಸಿ ಹೇಳಿದೆ.

384 ಎಂಬ ಮಾಯಾಸಂಖ್ಯೆ

ಅಂಗಡಿಗೆ ಮರಳೋಣ. ನನ್ನ ಆಧಾರ್ ಪ್ರತಿ ಕೈಗೆ ಬಂದಿತ್ತು, ಕಾಲು ಮಾತ್ರ ಹೊರಡಲಿಲ್ಲ. ‘ಓದಬಹುದಾ?’ ಎಂದು ಕೇಳಿದೆ. ಹುಡುಗಿ ಪ್ರಸ್ತಾವದ ಪ್ರತಿ ಕೊಟ್ಟಳು.

ಮೊದಲು ಕಣ್ಣಿಗೆ ಬಿದ್ದದ್ದು ಒಂದು ಸಂಖ್ಯೆ: 384 ಮಂದಿ. ಸಂಶೋಧನಾ ಪ್ರಸ್ತಾವ ಓದಿದವರಿಗೆಲ್ಲ ಪರಿಚಯವಿರುವ ನೆಂಟ ಇವನು. ಕ್ರೆಜ್ಸಿ ಮತ್ತು ಮಾರ್ಗನ್ ಎಂಬಿಬ್ಬರು 1970ರಲ್ಲಿ ಕೊಟ್ಟ ಕೋಷ್ಟಕದ ಕೊನೆಯ ಸಾಲಿನಲ್ಲಿ, ಹತ್ತು ಲಕ್ಷ ಜನಸಂಖ್ಯೆಯ ಎದುರು ಕೂತಿರುವ ಸಂಖ್ಯೆ. ಅಂದಿನಿಂದ ಎಷ್ಟೋ ಅರ್ಜಿಗಳು ಕಣ್ಣು ಮುಚ್ಚಿ ಅದನ್ನೇ ಎತ್ತಿಕೊಳ್ಳುತ್ತವೆ.

‘ಒಬ್ಬರ ಹತ್ರ ಎಷ್ಟು ಹೊತ್ತು ಮಾತಾಡಬೇಕಾಗುತ್ತೆ?’

‘ನಲವತ್ತು ನಿಮಿಷ, ಸರ್.’

ಅಂಗಡಿಯವರ ಕ್ಯಾಲ್ಕುಲೇಟರ್ ಕೈಗೆ ಬಂತು. 384 ಜನಕ್ಕೆ 256 ಗಂಟೆ. ಭಟ್ಟಿ ಉರಿಯುವಾಗ ಯಾರೂ ಬಿಡುವಾಗಿ ಕೂರುವುದಿಲ್ಲ. ಉರಿ ಆರಿದ ಮೇಲೆ ನಿದ್ದೆ, ನಿದ್ದೆ ಆದ ಮೇಲೆ ಸಂತೆ. ದಿನಕ್ಕೆ ಇಬ್ಬರು ಸಿಕ್ಕರೂ ಪುಣ್ಯ.

ತಪ್ಪಿನ ಅಂತರವನ್ನು ಶೇ 5ರಿಂದ 10ಕ್ಕೆ ಸಡಿಲಿಸಿದರೆ ಆ ಕೋಷ್ಟಕದ ಹಿಂದಿರುವ ಸೂತ್ರವೇ 96 ಜನ ಸಾಕು ಎನ್ನುತ್ತದೆ. ನಡುವೆ ಬಿಟ್ಟುಹೋಗುವವರನ್ನೂ ಸೇರಿಸಿ 120 ಇಟ್ಟರೆ 80 ಗಂಟೆ. ಇದು ಒಬ್ಬ ವಿದ್ಯಾರ್ಥಿನಿ ನಿಜವಾಗಿ ಮಾಡಬಹುದಾದ ಕೆಲಸ. ಸಣ್ಣ ಸಂಖ್ಯೆ ಬರೆದರೆ ಅರ್ಜಿ ಬಿದ್ದುಹೋದೀತೆಂಬ ಭಯ ಎಲ್ಲರಿಗೂ ಇರುತ್ತದೆ. ಆದರೆ ಪರಿಶೀಲಿಸುವವರೂ ಒಂದು ಕಾಲಕ್ಕೆ ಪ್ರಶ್ನಾವಳಿ ಹಿಡಿದು ಬಿಸಿಲಲ್ಲಿ ಅಲೆದವರೇ. ಯಾವ ಸಂಖ್ಯೆ ನಡೆಯುತ್ತದೆ, ಯಾವುದು ಬರೀ ಕಾಗದದ ಹುಲಿ ಎಂದು ಅವರಿಗೆ ಗೊತ್ತು.

‘ಲಕ್ಷಣ’ ಅಂದ್ರೆ ಏನ್ರೀ?

ಮುಂದಿನದು ಪ್ರಶ್ನಾವಳಿ. ರೋಗದ ಬಗ್ಗೆ ರೋಗಿಯ ನಂಬಿಕೆಯನ್ನು ಅಳೆಯುವ ಸಿದ್ಧ ಮಾಪನಗಳಿವೆ. ಖಿನ್ನತೆಗೆ ಪಿಎಚ್‌ಕ್ಯೂ-9 ಇದೆ, ಬಳಸಲು ಶುಲ್ಕವಿಲ್ಲ, ಒಂಬತ್ತೇ ಪ್ರಶ್ನೆ. ಕೆಲವಕ್ಕೆ ಮಾತ್ರ ಲೈಸೆನ್ಸ್ ಬೇಕು, ಶುಲ್ಕವೂ ಇರುತ್ತದೆ. ಅದನ್ನು ಅರ್ಜಿಯ ಬಜೆಟ್ಟಿನಲ್ಲಿ ತೋರಿಸದೆ ಆಮೇಲೆ ಕೈಯಿಂದ ಕಟ್ಟಿದವರಿದ್ದಾರೆ.

ಅದಕ್ಕಿಂತ ದೊಡ್ಡ ಖರ್ಚು ಕನ್ನಡದ್ದು. ಇಂಗ್ಲಿಷ್ ಮಾಪನವನ್ನು ಒಬ್ಬರು ಕನ್ನಡಕ್ಕೆ ತರಬೇಕು, ಮೂಲ ನೋಡಿರದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ಮರಳಿಸಬೇಕು, ಎರಡನ್ನೂ ಹೋಲಿಸಿ ತಿದ್ದಬೇಕು. ಆಮೇಲೂ ಅದು ಭಟ್ಟಿಯಲ್ಲಿ ನಿಲ್ಲುತ್ತದೋ ಇಲ್ಲವೋ ನೋಡಬೇಕು.

ಹುಡುಗಿ ಮೊದಲ ಕರಡನ್ನು ಅಪ್ಪನ ಮೇಲೆಯೇ ಪ್ರಯೋಗಿಸಿದ್ದಳಂತೆ. ‘ನಿಮ್ಮ ರೋಗಲಕ್ಷಣಗಳು ನಿಮ್ಮನ್ನು ಎಷ್ಟರ ಮಟ್ಟಿಗೆ ಬಾಧಿಸುತ್ತವೆ?’ ಎಂದು ಕೇಳಿದ್ದಕ್ಕೆ, ‘ಲಕ್ಷಣ ಅಂದ್ರೆ ಹೆಣ್ಣು ನೋಡೋಕೆ ಹೋದಾಗ ಕೇಳೋದಲ್ಲೇನವ್ವಾ?’ ಎಂದರಂತೆ ಅಪ್ಪ.

ಈಗ ಅಲ್ಲಿ ‘ತ್ರಾಸು’ ಎಂದಿದೆ. ಒಂದೇ ಪದ. ಅದನ್ನು ಹುಡುಕಲು ಹಿಡಿದದ್ದು ಮೂರು ವಾರ. ಇಂಥ ಮೂರು ವಾರಗಳಿಗೆ ಅರ್ಜಿಯ ಕಾಲಪಟ್ಟಿಯಲ್ಲಿ ಜಾಗ ಇರಬೇಕು. ಇಲ್ಲದಿದ್ದರೆ ಎಲ್ಲರೂ ‘ಸ್ವಲ್ಪ ಮಟ್ಟಿಗೆ’ ಎಂಬ ಖಾನೆಗೆ ಟಿಕ್ ಹಾಕಿ ಕಳಿಸಿಕೊಡುತ್ತಾರೆ. ಅಂಕಿಅಂಶ ಬರುತ್ತದೆ, ಉತ್ತರ ಬರುವುದಿಲ್ಲ.

ಐವತ್ತು ರೂಪಾಯಿ ಯಾರ ಲೆಕ್ಕಕ್ಕೆ?

ನಾನು ಯಾವ ಅರ್ಜಿಯಲ್ಲೂ ಮೊದಲು ತೆಗೆಯುವ ಪುಟ ಬಜೆಟ್. ಸಂಶೋಧಕ ನಿಜವಾಗಿ ಜನರ ಹತ್ತಿರ ಹೋಗಿ ಬಂದಿದ್ದಾನೋ, ಕುರ್ಚಿಯಲ್ಲೇ ಕೂತು ಬರೆದಿದ್ದಾನೋ ಆ ಪುಟ ಬಾಯಿಬಿಡುತ್ತದೆ. ‘ಪ್ರಯಾಣ ಇತ್ಯಾದಿ’ ಎಂದಿದ್ದರೆ ಕುರ್ಚಿ. ‘ದಾವಣಗೆರೆ–ಹರಿಹರ ಬಸ್, 14 ಕಿ.ಮೀ., ಹೋಗಿಬರಲು, 30 ಸಲ’ ಎಂದಿದ್ದರೆ ಕಾಲು.

ಹುಡುಗಿಯ ಪಟ್ಟಿಯಲ್ಲಿ ಪುಸ್ತಕ, ಪ್ರಿಂಟು, ಪ್ರಯಾಣ ಎಲ್ಲ ಇತ್ತು. ಒಂದು ಇರಲಿಲ್ಲ. ಕೂಲಿಯವನು ನಲವತ್ತು ನಿಮಿಷ ಕೂತು ಉತ್ತರಿಸಿದರೆ ಅವನ ಆ ಹೊತ್ತಿನ ಬೆಲೆ ಯಾರು ಕೊಡಬೇಕು?

ಐಸಿಎಂಆರ್‌ನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ಇದಕ್ಕೆ ಅಡ್ಡ ಬರುವುದಿಲ್ಲ. ಭಾಗವಹಿಸಿದವರ ಖರ್ಚು, ಸಮಯ, ತೊಂದರೆಗೆ ಹಣ ಕೊಡಬಹುದು, ಆದರೆ ಹಣದಾಸೆಗೆ ಒಪ್ಪುವಷ್ಟು ದೊಡ್ಡ ಮೊತ್ತವಾಗಬಾರದು ಎನ್ನುತ್ತದೆ. ಎಷ್ಟು ಎಂಬುದನ್ನು ಸಂಸ್ಥೆಯ ನೈತಿಕ ಸಮಿತಿ ನೋಡುತ್ತದೆ. ಆ ಸಮಿತಿಯಲ್ಲಿ ವೈದ್ಯರ ಜೊತೆ ಕಾನೂನು ಬಲ್ಲವರು, ಸಮಾಜ ವಿಜ್ಞಾನಿ, ಒಬ್ಬ ಸಾಮಾನ್ಯ ನಾಗರಿಕ ಇರಬೇಕು. ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು.

ತಲೆಗೆ ₹50 ಎಂದುಕೊಳ್ಳಿ. 384 ಜನಕ್ಕೆ ₹19,200. ಜೆಆರ್‌ಎಫ್ ಪಡೆದ ಸಮಾಜ ವಿಜ್ಞಾನದ ವಿದ್ಯಾರ್ಥಿಗೆ ಮೊದಲ ಎರಡು ವರ್ಷ ಸಿಗುವ ಸಾದಿಲ್ವಾರು ಹಣ ವರ್ಷಕ್ಕೆ ₹10,000. ಎರಡು ವರ್ಷದ್ದು ಅಲ್ಲಿಗೇ ಮುಗಿಯಿತು. 120 ಜನಕ್ಕಾದರೆ ₹6,000. ಸಂಖ್ಯೆ ಇಳಿದಾಗ ಸಂಶೋಧನೆ ಸಣ್ಣದಾಗಲಿಲ್ಲ, ಪ್ರಾಮಾಣಿಕವಾಯಿತು.

> ಕಳಿಸುವ ಮುನ್ನ
> • ಗೈಡ್ ಸಹಿ, ಬೋನಫೈಡ್, ರಿಜಿಸ್ಟ್ರಾರ್ ಕಚೇರಿಯ ಫಾರ್ವರ್ಡಿಂಗ್ ಪತ್ರ: ಮೂರಕ್ಕೂ ಕನಿಷ್ಠ ಎರಡು ವಾರ ಮೊದಲೇ ಓಡಾಡಿ.
> • ಆಸ್ಪತ್ರೆಯ ರೋಗಿಗಳನ್ನು ಮಾತಾಡಿಸುವುದಾದರೆ ಆ ಆಸ್ಪತ್ರೆಯ ಒಪ್ಪಿಗೆ ಬೇರೆ, ನೈತಿಕ ಸಮಿತಿಯ ಒಪ್ಪಿಗೆ ಬೇರೆ.
> • ಸಮ್ಮತಿ ಪತ್ರ ಓದುವವರ ಕನ್ನಡದಲ್ಲಿರಲಿ. ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು.
> • ಉದ್ದೇಶಗಳು ಮೂರಕ್ಕಿಂತ ಹೆಚ್ಚಾದರೆ ಒಂದನ್ನು ಮುಂದಿನ ಜನ್ಮಕ್ಕೆ ಬಿಡಿ.
> • ಕೊನೇ ದಿನ ಸರ್ವರ್ ನಿಮ್ಮೊಬ್ಬರದಲ್ಲ.

ಬಳ್ಳಾರಿಯಿಂದ ದೇಶಕ್ಕೆ

ಭಟ್ಟಿ ಕಾರ್ಮಿಕರ ಮಾತ್ರೆಯ ಕಥೆ ದೇಶಕ್ಕೇನು ಎಂದು ಯಾರಾದರೂ ಕೇಳಿಯಾರು. ಅವರಿಗೆ ಪಕ್ಕದ ಬಳ್ಳಾರಿಯ ಕಥೆ ಹೇಳಬೇಕು.

ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಕಾಗದದ ಮೇಲೆ ಬಂತು. ಹಳ್ಳಿಯಲ್ಲಿ ಅದು ನಡೆಯುತ್ತದೋ ಇಲ್ಲವೋ ಯಾರಿಗೂ ತಿಳಿದಿರಲಿಲ್ಲ. ನಿಮ್ಹಾನ್ಸ್ ತಂಡ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಮಾಡಿ ನೋಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಮುಂದಿದ್ದ ಮಾದರಿಗೆ ಇಂದಿಗೂ ‘ಬಳ್ಳಾರಿ ಮಾದರಿ’ ಎಂದೇ ಹೆಸರು.

ದಿಲ್ಲಿಯಲ್ಲಿ ಕೂತು ಯೋಚಿಸಿದ್ದರೆ ಆ ಹೆಸರು ಬರುತ್ತಿರಲಿಲ್ಲ. ಊರಿನ ಪ್ರಶ್ನೆಯನ್ನು ಊರಿನವರಷ್ಟು ಹತ್ತಿರದಿಂದ ಬೇರೆಯವರು ಕೇಳಲಾರರು. ಹರಿಹರದ ಕಾರ್ಖಾನೆಗಳು ಪಾಳಿಯ ಕೆಲಸಗಾರರ ನಿದ್ದೆಯನ್ನು ಏನು ಮಾಡಿವೆ? ಚನ್ನಗಿರಿಯ ಅಡಿಕೆ ಸೀಮೆಯಲ್ಲಿ ಗುಟ್ಕಾ ಬಿಡುವುದು ಬೇರೆ ಕಡೆಗಿಂತ ಕಷ್ಟವೇ? ಪ್ರಶ್ನೆಗಳು ಬಾಗಿಲಲ್ಲೇ ಬಿದ್ದಿವೆ. ಅವು ಅರ್ಜಿಯಾಗುವ ಹೊತ್ತಿಗೆ ಮೂರು ಸಾಲಿನ ಇಂಗ್ಲಿಷ್ ಹೊದ್ದು ಯಾರದೋ ಪ್ರಶ್ನೆಯಂತೆ ಕಾಣತೊಡಗುತ್ತವೆ. ತಿರಸ್ಕೃತ ಅರ್ಜಿಗಳ ಕಥೆ ಬಹಳ ಸಲ ಇಲ್ಲಿಂದಲೇ ಶುರು.

ಅಲ್ಲೀತನಕ?

ಒಂಬತ್ತೂವರೆ ಆಯಿತು. ಹುಡುಗಿ ಸ್ಟೂಲಿನ ಮೇಲೆ ಕೂತು ಗೈಡ್ ಜೊತೆ ಫೋನಿನಲ್ಲಿ ಮಾತಾಡಿದಳು. ‘ಹೌದು ಮೇಡಂ... 120... ಸಮರ್ಥನೆ ಸೇರಿಸ್ತೀನಿ ಮೇಡಂ...’ ಶೀರ್ಷಿಕೆ ಒಂದು ಸಾಲಿಗೆ ಇಳಿಯಿತು. ಬಜೆಟ್ಟಿಗೆ ಒಂದು ಸಾಲು ಹೆಚ್ಚಿತು: ಉತ್ತರಿಸಿದವರ ಸಮಯಕ್ಕೆ, ₹50 × 120.

ಸಾರಾಂಶದ ಮೊದಲ ವಾಕ್ಯವನ್ನು ಇಂಗ್ಲಿಷಿಗೆ ಹಾಕುವ ಮುಂಚೆ ಅವಳು ಕನ್ನಡದಲ್ಲಿ ಬರೆದುಕೊಂಡಳು. ಅಂಗಡಿಯವರು ಕನ್ನಡಕ ಏರಿಸಿ ಓದಿದರು: ‘ಸಕ್ಕರೆ ಕಾಯಿಲೆ ಇರುವ ಮಂಡಕ್ಕಿ ಭಟ್ಟಿ ಕಾರ್ಮಿಕರು ಸುಸ್ತಾದಾಗ ಮಾತ್ರ ಮಾತ್ರೆ ತೆಗೆದುಕೊಳ್ಳುವುದೇಕೆ?’

ಈ ಸಲ ಉಸಿರು ಕಟ್ಟಲಿಲ್ಲ. ಆದರೆ ಸ್ವಲ್ಪ ಹೊತ್ತು ಮಾತೂ ಹೊರಡಲಿಲ್ಲ. ಕ್ಯಾಶ್ ಡ್ರಾಯರ್ ಎಳೆದರು. ಚಿಲ್ಲರೆಯ ಪಕ್ಕದಲ್ಲೇ ಮಾತ್ರೆಯ ಪಟ್ಟಿಯೊಂದು ಇತ್ತು, ಅಲ್ಲೊಂದು ಇಲ್ಲೊಂದು ಗುಳಿ ಖಾಲಿ.

‘ಇದಕ್ಕೆ ಉತ್ತರ ಯಾವಾಗ ಸಿಗ್ತೈತವ್ವಾ?’

‘ದುಡ್ಡು ಬಂದ್ರೆ ಎರಡು ವರ್ಷ ಆಗ್ತೈತಣ್ಣ.’

‘ಅಲ್ಲೀತನಕ ನಾನೇನ್ ಮಾಡ್ಲಿ?’

ಹುಡುಗಿ ಸಬ್ಮಿಟ್ ಒತ್ತಿದಳು. ಪರದೆಯ ಮೇಲೆ ಬಿಳಿ ಚಕ್ರ ತಿರುಗತೊಡಗಿತು. ಅದು ನಿಲ್ಲುವವರೆಗೆ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು:

‘ಅಲ್ಲೀತನಕ ದಿನಾ ತಗೋರಿ.’